ಅಂಗಳದ ಮರಕ್ಕೆ ಬೆಲೆ ಕಟ್ಟುವ ಕ್ರಮ: ಕಲಬುರಗಿಯ ಒಂದು ಬೇವಿನ ಲೆಕ್ಕ

ಕಲಬುರಗಿಯಲ್ಲಿ ಮನೆಯ ಮುಂದಿನ ಬೇವನ್ನು ಯಾರೂ ಮರ ಎನ್ನುವುದಿಲ್ಲ. ಇಬ್ಬರು ಕೈ ಕೂಡಿಸಿ ತಬ್ಬಿಕೊಳ್ಳಬೇಕಾದಷ್ಟು ದಪ್ಪವಿದ್ದರೂ ಅದು ‘ಬೇವಿನ ಗಿಡ’ವೇ. ಆ ಗಿಡಕ್ಕೆ ಲಾರಿ ಬಡಿದು ಕಾಂಡ ಸೀಳಿದಾಗ, ರಸ್ತೆ ಅಗಲೀಕರಣದ ಕೆಂಪು ಗುರುತು ಕಾಂಪೌಂಡಿನ ಒಳಗೆ ಬಂದಾಗ, ಅಥವಾ ಪಕ್ಕದ ನಿವೇಶನದಲ್ಲಿ ಪಾಯ ತೋಡುವವರು ಬೇರು ಕಡಿದುಹಾಕಿದಾಗ ಮಾತ್ರ ಅದರ ಬೆಲೆ ಎಷ್ಟು ಎಂಬ ಪ್ರಶ್ನೆ ಏಳುತ್ತದೆ. ಆಗ ಸಾಮಾನ್ಯವಾಗಿ ಎರಡು ಉತ್ತರಗಳು ಕೇಳಿಬರುತ್ತವೆ. ಕಟ್ಟಿಗೆ ಅಡ್ಡೆಯವನು ಒಮ್ಮೆ ಮೇಲೆ ಕೆಳಗೆ ನೋಡಿ ಎಂಟು ಸಾವಿರ ಎನ್ನುತ್ತಾನೆ; ಮೊಬೈಲಿನಲ್ಲಿ ಓದಿಕೊಂಡು ಬಂದ ಮನೆಯ ಮೊಮ್ಮಗ ಮೂವತ್ತು ಲಕ್ಷ ಎನ್ನುತ್ತಾನೆ. ಎರಡಕ್ಕೂ ಅದರದೇ ಆದ ಆಧಾರವಿದೆ, ಆದರೆ ಎರಡೂ ಅಂಗಳದ ನೆರಳಿನ ಮರದ ಬೆಲೆಯಲ್ಲ. ಎದುರಿನವರು ಕೂತು ಪ್ರತಿ ಸಾಲನ್ನೂ ಪರಿಶೀಲಿಸಿದರೂ ನಿಲ್ಲುವಂತಹ ಒಂದು ಮೊತ್ತವನ್ನು ಹೇಗೆ ಕಟ್ಟಬಹುದು ಎಂಬುದನ್ನು ಇಲ್ಲಿ ಒಂದೇ ಮರವನ್ನು ಎದುರಿಗಿಟ್ಟುಕೊಂಡು ವಿವರಿಸಿದ್ದೇನೆ.

ಆ ಮರ ಹಳೆಯ ಬಡಾವಣೆಯೊಂದರ ಮನೆಯ ಪಡುವಣ ಬದಿಗಿರುವ ಬೇವು. ಅಂಗಳಕ್ಕೆಲ್ಲ ಶಹಾಬಾದ್ ಕಲ್ಲು ಹಾಸಿದೆ. ಕಲ್ಲಿನ ಹಾಸು ಬುಡದವರೆಗೂ ಬಂದು ನಿಂತಿದೆ. ಒಂದೂವರೆ ಮೀಟರ್ ದೂರದಲ್ಲಿ ಕಾಂಪೌಂಡ್ ಗೋಡೆ, ಅದರಾಚೆ ವಿದ್ಯುತ್ ತಂತಿ. ಇಲ್ಲಿ ಬಳಸಿರುವ ಸಸಿಯ ದರ, ಕೂಲಿ ಮತ್ತು ಕರೆಂಟಿನ ದರಗಳು ಲೆಕ್ಕ ತೋರಿಸುವುದಕ್ಕಾಗಿ ಇಟ್ಟುಕೊಂಡವು. ಓದುಗರು ತಮ್ಮ ಊರಿನ ಅಂದಿನ ದರವನ್ನು ಹಾಕಿಕೊಳ್ಳಬೇಕು.

ಬೆಲೆ ಯಾವ ಕೆಲಸಕ್ಕೆ ಬೇಕು ಎಂಬುದನ್ನು ಮೊದಲು ಬರೆಯಿರಿ

ಒಂದೇ ಮರಕ್ಕೆ ಉದ್ದೇಶಕ್ಕೆ ತಕ್ಕಂತೆ ಬೇರೆ ಬೇರೆ ಬೆಲೆ ಬರುತ್ತದೆ. ಸರ್ಕಾರ ಜಮೀನನ್ನು ಸ್ವಾಧೀನ ಮಾಡಿಕೊಳ್ಳುತ್ತಿದ್ದರೆ 2013ರ ಭೂಸ್ವಾಧೀನ ಕಾಯ್ದೆಯ 29ನೇ ಕಲಮಿನ ಪ್ರಕಾರ ಜಮೀನಿಗೆ ಅಂಟಿಕೊಂಡ ಗಿಡಮರಗಳ ಬೆಲೆಯನ್ನು ನಿರ್ಧರಿಸಲು ಜಿಲ್ಲಾಧಿಕಾರಿಯು ಕೃಷಿ, ಅರಣ್ಯ, ತೋಟಗಾರಿಕೆ, ರೇಷ್ಮೆ ಮುಂತಾದ ಕ್ಷೇತ್ರಗಳ ಅನುಭವಿಗಳ ನೆರವನ್ನು ಪಡೆಯಬಹುದು. ಹಾಗೆ ಒಟ್ಟುಗೂಡಿದ ಪರಿಹಾರದ ಮೇಲೆ 30ನೇ ಕಲಮಿನಂತೆ ಶೇಕಡಾ 100ರಷ್ಟು ಸೊಲೇಷಿಯಂ, ಅಂದರೆ ಜಮೀನು ಬಿಟ್ಟುಕೊಡಬೇಕಾಗಿ ಬಂದದ್ದಕ್ಕೆ ಕೊಡುವ ಹೆಚ್ಚುವರಿ ಪರಿಹಾರ, ಸೇರುತ್ತದೆ. ಅಂತಹ ಪ್ರಕರಣದಲ್ಲಿ ದಿಮ್ಮಿಯ ಲೆಕ್ಕ ಮತ್ತು ಫಲದ ಲೆಕ್ಕ ಮುಂದೆ ಬರುತ್ತವೆ. ವಾಹನ ಬಡಿದು ಹಾನಿಯಾಗಿದ್ದರೆ ಕೇಳಬೇಕಾದ ಪ್ರಶ್ನೆ ಬೇರೆ: ಇದ್ದದ್ದನ್ನು ಇದ್ದ ಹಾಗೆ ಮತ್ತೆ ನಿಲ್ಲಿಸಲು ಎಷ್ಟು ಖರ್ಚಾಗುತ್ತದೆ? ಶಾಲೆ, ಕಾಲೇಜು, ಕಚೇರಿಗಳ ಆವರಣದ ಆಸ್ತಿ ಪಟ್ಟಿಗಾಗಿ ಬೆಲೆ ಬೇಕಾಗಿದ್ದರೆ ನೂರಾರು ಮರಗಳಿಗೆ ಒಂದೇ ಅಳತೆಗೋಲು ಹಿಡಿಯುವುದು ಮುಖ್ಯವಾಗುತ್ತದೆ. ಆದ್ದರಿಂದ ವರದಿಯ ಮೊದಲ ಸಾಲಿನಲ್ಲಿಯೇ ಯಾರ ಕೋರಿಕೆಯ ಮೇರೆಗೆ, ಯಾವ ಉದ್ದೇಶಕ್ಕೆ, ಯಾವ ದಿನಾಂಕದಂದು ಇದ್ದ ಬೆಲೆ ಎಂಬುದು ಇರಲೇಬೇಕು.

ಅಡ್ಡೆಯವನ ಲೆಕ್ಕವನ್ನೂ ತಿಳಿದಿರುವುದು ಒಳ್ಳೆಯದು, ಏಕೆಂದರೆ ಎದುರು ಪಕ್ಷದವರು ಹಿಡಿದುಕೊಂಡು ಬರುವುದು ಅದನ್ನೇ. ಸುತ್ತಳತೆಯ ಕಾಲುಭಾಗವನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸುವುದು ಮರದ ವ್ಯಾಪಾರದ ಹಳೆಯ ಪದ್ಧತಿ. ನಮ್ಮ ಬೇವಿನ ಸುತ್ತಳತೆ ಸುಮಾರು 6 ಅಡಿ 2 ಅಂಗುಲ, ನೇರ ಕಾಂಡ 8 ಅಡಿ ಇರುವುದರಿಂದ 19 ಘನ ಅಡಿ ಬರುತ್ತದೆ. ಈ ಪದ್ಧತಿಯಲ್ಲಿ ನಿಜವಾದ ಗಾತ್ರದ ಶೇಕಡಾ 78.5 ಮಾತ್ರ ಲೆಕ್ಕಕ್ಕೆ ಸಿಗುತ್ತದೆ, ಉಳಿದದ್ದು ಸಿಪ್ಪೆ ಮತ್ತು ಗರಗಸದ ಪಾಲು. ಘನ ಅಡಿಗೆ 300 ರೂಪಾಯಿ ಎಂದು ಹಿಡಿದರೆ 5,700 ರೂಪಾಯಿ, ಕೊಂಬೆಗಳ ಉರುವಲು ಸೇರಿ ಎಂಟು ಸಾವಿರದ ಆಸುಪಾಸು. ಅಡ್ಡೆಯವನು ಮೋಸ ಮಾಡಿಲ್ಲ. ಆತ ಸತ್ತ ಮರಕ್ಕೆ ಬೆಲೆ ಹೇಳಿದ್ದಾನೆ ಅಷ್ಟೆ.

ಟೇಪು ಹಿಡಿಯುವುದು

ನೆರಳಿನ ಮರಗಳಿಗೆ ಹೆಚ್ಚು ಬಳಕೆಯಲ್ಲಿರುವ ಕ್ರಮ ಅಮೆರಿಕದ ಮರ ಮತ್ತು ಭೂದೃಶ್ಯ ಮೌಲ್ಯಮಾಪಕರ ಮಂಡಳಿ, ಅಂದರೆ ಸಿಟಿಎಲ್‌ಎ ರೂಪಿಸಿದ ಕಾಂಡಸೂತ್ರ. ಅದರ ತಿರುಳು ಸರಳವಾಗಿದೆ. ನರ್ಸರಿಯಲ್ಲಿ ಸಿಗುವ ದೊಡ್ಡ ಸಸಿಯ ಕಾಂಡವನ್ನು ಅಡ್ಡಲಾಗಿ ಕೊಯ್ದರೆ ಕಾಣುವ ಮುಖದ ಒಂದು ಚದರ ಸೆಂಟಿಮೀಟರಿಗೆ ಎಷ್ಟು ಬೆಲೆ ಬೀಳುತ್ತದೆ ಎಂದು ತಿಳಿದು, ಅದೇ ದರವನ್ನು ದೊಡ್ಡ ಮರದ ಕಾಂಡಕ್ಕೆ ಅನ್ವಯಿಸಿ, ನಂತರ ಮರದ ಕುಂದುಕೊರತೆಗಳಿಗೆ ತಕ್ಕಂತೆ ಕಡಿತ ಮಾಡುವುದು. ಹೀಗಾಗಿ ಇಡೀ ಲೆಕ್ಕ ಟೇಪಿನ ಒಂದು ಓದಿನ ಮೇಲೆ ನಿಲ್ಲುತ್ತದೆ.

ನೆಲದಿಂದ 1.37 ಮೀಟರ್, ಅಂದರೆ ನಾಲ್ಕೂವರೆ ಅಡಿ ಎತ್ತರದಲ್ಲಿ ಕಾಂಡದ ಸುತ್ತಳತೆಯನ್ನು ತೆಗೆದುಕೊಳ್ಳಬೇಕು. ಇದನ್ನೇ ಎದೆಮಟ್ಟದ ಸುತ್ತಳತೆ ಎನ್ನುವುದು. ಬಟ್ಟೆಯ ದರ್ಜಿ ಟೇಪು ಹಿಗ್ಗುತ್ತದೆ. ಫೈಬರ್ ಟೇಪು ಉತ್ತಮ. ಟೇಪು ಕಾಂಡಕ್ಕೆ ಅಡ್ಡಲಾಗಿ, ಒಂದೇ ಮಟ್ಟದಲ್ಲಿ ಇರಬೇಕು. ಹಿಂಬದಿಯಲ್ಲಿ ಜಾರಿ ಕೆಳಗಿಳಿದಿದೆಯೇ ಎಂದು ನೋಡಲು ಇನ್ನೊಬ್ಬರು ಬೇಕು. ಸಡಿಲಾದ ತೊಗಟೆಯ ಸಕ್ಕೆ, ಅಂಟಿಕೊಂಡ ಬಳ್ಳಿ, ಹಳೆಯ ಬೋರ್ಡಿನ ಮೊಳೆ ಮತ್ತು ತಂತಿಗಳನ್ನು ಬದಿಗೆ ಸರಿಸಬೇಕು. ಅದೇ ಎತ್ತರದಲ್ಲಿ ಗಂಟು ಇದ್ದರೆ ಗಂಟಿನ ಮೇಲೊಂದು, ಕೆಳಗೊಂದು ಅಳತೆ ತೆಗೆದು ಸರಾಸರಿ ಮಾಡುವುದು ವಾಡಿಕೆ. ಎದೆಮಟ್ಟಕ್ಕಿಂತ ಕೆಳಗೇ ಕವಲೊಡೆದಿದ್ದರೆ ಕವಲಿನ ಕೆಳಗೆ ಅತ್ಯಂತ ತೆಳುವಾಗಿರುವ ಕಡೆ ಅಳೆಯಬಹುದು. ಬುಡದಿಂದಲೇ ಹಲವು ಕಾಂಡಗಳಿದ್ದರೆ ಒಂದೊಂದರ ವಿಸ್ತೀರ್ಣವನ್ನೂ ಬೇರೆ ಬೇರೆಯಾಗಿ ಕಂಡುಹಿಡಿದು ಕೂಡಿಸಬೇಕು. ಸುತ್ತಳತೆಗಳನ್ನು ಕೂಡಿಸಿ ಒಮ್ಮೆಲೇ ವಿಸ್ತೀರ್ಣ ತೆಗೆದರೆ ಮರ ಇದ್ದಕ್ಕಿಂತ ಎರಡು ಪಟ್ಟೋ ಮೂರು ಪಟ್ಟೋ ದಪ್ಪವಾಗಿಬಿಡುತ್ತದೆ.

ನಮ್ಮ ಕಡೆ ವಿಶೇಷವಾಗಿ ಎಚ್ಚರ ವಹಿಸಬೇಕಾದದ್ದು ಕಟ್ಟೆಯ ವಿಷಯದಲ್ಲಿ. ಬೇವು, ಅರಳಿ, ಆಲ ಇದ್ದಲ್ಲಿ ಕಟ್ಟೆ ಇದ್ದೇ ಇರುತ್ತದೆ, ಮತ್ತು 1.37 ಮೀಟರ್ ಎಣಿಕೆ ಶುರುವಾಗಬೇಕಾದದ್ದು ಮೂಲ ನೆಲದಿಂದ, ಕಟ್ಟೆಯ ಮೇಲ್ಮೈಯಿಂದಲ್ಲ. ಈ ಕೆಲಸಕ್ಕಿಳಿದ ಹೊಸದರಲ್ಲಿ ನಾನು ಎರಡು ಅಡಿ ಎತ್ತರದ ಕಟ್ಟೆಯ ಮೇಲೆ ಆರಾಮಾಗಿ ನಿಂತು ಟೇಪು ಸುತ್ತಿದ್ದೆ. ಆ ಎತ್ತರದಲ್ಲಿ ಕಾಂಡ ಸಣ್ಣದಾಗಿತ್ತು. ನನ್ನ ವರದಿಯನ್ನು ಎದುರಿನ ಪಕ್ಷದವರು ಒಂದು ತಕರಾರೂ ಇಲ್ಲದೆ ಒಪ್ಪಿಕೊಂಡಾಗಲೇ ಏನೋ ತಪ್ಪಿದೆ ಎಂಬ ಅನುಮಾನ ನನಗೆ ಬಂತು. ಹೋಗಿ ಮತ್ತೆ ಅಳೆದು, ತಿದ್ದುಪಡಿ ವರದಿ ಕೊಟ್ಟು, ಮರದ ಮಾಲೀಕರಿಂದ ಬೈಸಿಕೊಂಡೆ.

ಇಲ್ಲಿಯ ಬೇವಿನ ಎದೆಮಟ್ಟದ ಸುತ್ತಳತೆ 188 ಸೆಂಟಿಮೀಟರ್. ಇದನ್ನು 3.1416ರಿಂದ ಭಾಗಿಸಿದರೆ ವ್ಯಾಸ ಸುಮಾರು 60 ಸೆಂಟಿಮೀಟರ್. ವಿಸ್ತೀರ್ಣಕ್ಕೆ ನೇರವಾದ ಸೂತ್ರವೂ ಇದೆ: ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 0.0796ರಿಂದ ಗುಣಿಸಿದರೆ ಸಾಕು. 188 ಗುಣಿಸು 188 ಎಂದರೆ 35,344, ಅದನ್ನು 0.0796ರಿಂದ ಗುಣಿಸಿದರೆ 2,813 ಚದರ ಸೆಂಟಿಮೀಟರ್. ವ್ಯಾಸ 75 ಸೆಂಟಿಮೀಟರ್ ದಾಟಿದ ಮುದಿ ಮರಗಳಲ್ಲಿ ಕಾಂಡ ದಪ್ಪವಾಗುತ್ತ ಹೋದರೂ ಹಂದರ, ಅಂದರೆ ಕೊಂಬೆ ಎಲೆಗಳ ಹರವು, ಅದೇ ಪ್ರಮಾಣದಲ್ಲಿ ಹಬ್ಬುವುದಿಲ್ಲ. ಆದ್ದರಿಂದ ಅದೇ ಮಂಡಳಿಯ 2000ದ 9ನೇ ಆವೃತ್ತಿಯ ಮಾರ್ಗಸೂಚಿ 30 ಅಂಗುಲ ಮೀರಿದ ಕಾಂಡಗಳಿಗೆ ವಿಸ್ತೀರ್ಣವನ್ನು ತಗ್ಗಿಸಿ ಹಿಡಿಯುವ ಕೋಷ್ಟಕವನ್ನು ಕೊಟ್ಟಿತ್ತು. ಬಿಳಲು ಬಿಟ್ಟ ಆಲಕ್ಕೆ ಈ ಕಾಂಡಸೂತ್ರವನ್ನು ಹಚ್ಚದಿರುವುದೇ ಲೇಸು ಎಂಬುದು ನನ್ನ ಅಭಿಪ್ರಾಯ.

ಮರದ ಸ್ಥಿತಿಯನ್ನು ನೋಡುವುದು

ಬೆಲೆ ಕಟ್ಟುವವನ ಅನುಭವ ಬೇಕಾಗುವುದು ಈ ಹಂತದಲ್ಲಿ. ಆರೋಗ್ಯ, ರಚನೆ, ಆಕಾರ ಎಂಬ ಮೂರು ಅಂಶಗಳಿಗೆ ಒಂದರಲ್ಲಿ ಎಷ್ಟು ಎಂಬಂತೆ ಅಂಕ ಕೊಡಬೇಕು. ಆರೋಗ್ಯ ಎಂದರೆ ಎಲೆಯ ಬಣ್ಣ, ಚಿಗುರಿನ ಉದ್ದ, ಒಣಗಿದ ರೆಂಬೆಗಳ ಪ್ರಮಾಣ, ಗಾಯ ಮುಚ್ಚಿಕೊಂಡಿರುವ ರೀತಿ. ರಚನೆ ಎಂದರೆ ಬೇರು, ಬುಡ, ಕಾಂಡ ಮತ್ತು ದೊಡ್ಡ ಕೊಂಬೆಗಳ ಗಟ್ಟಿತನ. ಆಕಾರ ಎಂದರೆ ಆ ಜಾತಿಯ ಮರಕ್ಕೆ ಸಹಜವಾದ ಹಂದರ ಉಳಿದಿದೆಯೇ, ತಂತಿಗಾಗಿ ಒಂದು ಮಗ್ಗುಲನ್ನು ಕತ್ತರಿಸಿ ಬೋಳು ಮಾಡಿದ್ದಾರೆಯೇ ಎಂಬುದು.

ಬೇವಿನಲ್ಲಿ ಕಾಲ ನೋಡಿ ಹೋಗಬೇಕು. ಬೇವಿನ ತುದಿ ಒಣಗುವ ರೋಗಕ್ಕೆ ಫೋಮೊಪ್ಸಿಸ್ ಎಂಬ ಶಿಲೀಂಧ್ರ ಕಾರಣ. ಅದು ಮಳೆಗಾಲದಲ್ಲಿ ಕಾಣಿಸಿಕೊಂಡು ಚಳಿಗಾಲದ ಆರಂಭದ ತನಕ ಹೆಚ್ಚುತ್ತ ಹೋಗುತ್ತದೆ. ಚಿಗುರಿನ ರಸ ಹೀರುವ ಟೀ ಸೊಳ್ಳೆ ಕೀಟದಿಂದಲೂ ಇದೇ ತೆರನಾದ ಒಣಗು ಬರುತ್ತದೆ. ಜನವರಿಯಲ್ಲಿ ನೋಡಿದವರು ಗಿಡ ಸತ್ತೇಹೋಯಿತು ಎಂದುಕೊಳ್ಳುತ್ತಾರೆ. ಅದೇ ಮರ ಯುಗಾದಿಯ ಹೊತ್ತಿಗೆ ಕೆಂಪು ಚಿಗುರು, ಬಿಳಿ ಹೂವು ಹೊತ್ತು ನಿಂತಿರುತ್ತದೆ. ಆದ್ದರಿಂದ ಬೇವಿನ ಆರೋಗ್ಯದ ಅಂಕವನ್ನು ಸಾಧ್ಯವಾದರೆ ಯುಗಾದಿಯ ನಂತರ ಹಾಕಿ. ಚಳಿಗಾಲದಲ್ಲಿಯೇ ಹಾಕಬೇಕಾಗಿ ಬಂದರೆ ಒಣ ರೆಂಬೆಯ ತೊಗಟೆಯನ್ನು ಉಗುರಿನಿಂದ ಕೆರೆದು ಒಳಗೆ ಹಸಿರು ಇದೆಯೇ ಎಂದು ಹತ್ತಾರು ಕಡೆ ನೋಡಿ. ಮರದ ಮೇಲೆಯೇ ಬೆಳೆಯುವ ಪರಾವಲಂಬಿ ಗಿಡವಾದ ಬದನಿಕೆ ಹತ್ತಿದ್ದರೆ ಅದರ ಹಸಿರನ್ನು ಬೇವಿನ ಹಸಿರು ಎಂದು ಎಣಿಸಬಾರದು. ದೂರದಿಂದ ನೋಡಿದಾಗ ಹಂದರದಲ್ಲಿ ಅಲ್ಲಲ್ಲಿ ಗುಂಪು ಗುಂಪಾಗಿ ದಪ್ಪ ಎಲೆ ಕಂಡರೆ ಹತ್ತಿರ ಹೋಗಿ ನೋಡಲೇಬೇಕು.

ರಚನೆಯನ್ನು ಪರೀಕ್ಷಿಸಲು ದೊಡ್ಡ ಯಂತ್ರವೇನೂ ಬೇಡ. ಮರದ ಸುತ್ತಿಗೆಯಿಂದ ಕಾಂಡವನ್ನು ಸುತ್ತಲೂ ಮೆಲ್ಲಗೆ ತಟ್ಟುತ್ತ ಬಂದರೆ ಗಟ್ಟಿ ಇರುವ ಕಡೆಯ ಸದ್ದಿಗೂ ಪೊಳ್ಳು ಬಿದ್ದ ಕಡೆಯ ಸದ್ದಿಗೂ ವ್ಯತ್ಯಾಸ ತಾನಾಗಿಯೇ ತಿಳಿಯುತ್ತದೆ. ಪೊಟರೆಯಿದ್ದರೆ ಸಣ್ಣ ಸರಳು ಇಳಿಸಿ ಆಳ ಬರೆದುಕೊಳ್ಳಿ. ಬುಡದಲ್ಲಿ ಅಣಬೆ, ಕೊಂಬೆಯ ಕವಲಿನಲ್ಲಿ ಸೀಳು, ಒಂದು ಬದಿಗೆ ಮಾತ್ರ ಎದ್ದ ಮಣ್ಣು, ಇವೆಲ್ಲ ಬೀಳುವ ಮರದ ಲಕ್ಷಣಗಳು. ಕಲಬುರಗಿಯ ಎರೆಮಣ್ಣು ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಬೇಸಿಗೆಯ ಬಿರುಕು ಕಂಡ ಕೂಡಲೇ ಬೇರು ಕಿತ್ತಿದೆ ಎಂದು ಬರೆಯುವ ಆತುರ ಬೇಡ. ಬೀದರಿನ ಜಂಬಿಟ್ಟಿಗೆಯ ನೆಲದಲ್ಲಿ ಕತೆ ಬೇರೆ: ಅಲ್ಲಿ ಮೇಲ್ಮಣ್ಣು ತೆಳುವಾಗಿ ಕೆಳಗೆ ಗಟ್ಟಿ ಪದರ ಇರುವ ಕಡೆ ಬೇರು ಆಳಕ್ಕಿಳಿಯದೆ ಅಡ್ಡಕ್ಕೆ ಹೋಗಿರುತ್ತದೆ, ಹಾಗಾಗಿ ಹತ್ತು ಅಡಿ ದೂರದ ಚರಂಡಿ ಕೆಲಸವೂ ಮರಕ್ಕೆ ಪೆಟ್ಟು.

ನಮ್ಮ ಬೇವಿಗೆ ಆರೋಗ್ಯ 0.75, ಪಡುವಣ ಕೊಂಬೆಯ ಬುಡದಲ್ಲಿ ಪೊಟರೆ ಇರುವುದರಿಂದ ರಚನೆ 0.60, ಬೀದಿಯ ಬದಿ ಕತ್ತರಿಸಿದ್ದರಿಂದ ಆಕಾರ 0.75 ಎಂದು ಕೊಟ್ಟೆ. ಸರಾಸರಿ 0.70. ಒಂದು ಎಚ್ಚರಿಕೆ ಏನೆಂದರೆ, ಮೂರರಲ್ಲಿ ಯಾವುದೋ ಒಂದು ತೀರಾ ಕೆಳಗಿದ್ದರೆ ಸರಾಸರಿ ಅದನ್ನು ಮುಚ್ಚಿಹಾಕುತ್ತದೆ. ಎಲೆಯೆಲ್ಲ ಹಸಿರಾಗಿದ್ದು ಬುಡ ಪೂರ್ತಿ ಕೊಳೆತಿರುವ ಗುಲ್‌ಮೊಹರಿಗೆ ಸರಾಸರಿ ಹಿಡಿದರೆ ಸುಳ್ಳು ಬೆಲೆ ಬರುತ್ತದೆ. ಅಲ್ಲಿ ಕೆಳಗಿನ ಅಂಕವನ್ನೇ ಇಡೀ ಮರದ ಅಂಕವಾಗಿ ಹಿಡಿಯಬೇಕು. ರೋಹಿಣಿ ಮಳೆಯ ಗಾಳಿಗೆ ಮೊದಲು ಮುರಿಯುವುದು ಆ ಜಾತಿಯೇ.

ನರ್ಸರಿಯ ದರದಿಂದ ಚದರ ಸೆಂಟಿಮೀಟರಿನ ದರಕ್ಕೆ

ಅದೇ ಜಾತಿಯ, ಸಾಧ್ಯವಾದಷ್ಟು ದೊಡ್ಡ ಸಸಿಗೆ ಮೂರು ನರ್ಸರಿಗಳಿಂದ ಬರಹದಲ್ಲಿ ದರ ತರಿಸಿಕೊಳ್ಳಿ. ಬಾಯಿಮಾತಿನ ದರ ನಾಳೆ ನಿಲ್ಲುವುದಿಲ್ಲ. ಅರಣ್ಯ ಇಲಾಖೆಯ ರಿಯಾಯಿತಿ ದರದ ಪುಟ್ಟ ಪಾಲಿಥಿನ್ ಚೀಲದ ಸಸಿಯನ್ನು ಇಲ್ಲಿ ಆಧಾರವಾಗಿ ಹಿಡಿಯಬಾರದು, ಏಕೆಂದರೆ ಅದು ಮಾರುಕಟ್ಟೆಯ ದರವಲ್ಲ, ಮತ್ತು ಪೆನ್ಸಿಲ್ ದಪ್ಪದ ಕಾಂಡದಿಂದ ಗುಣಿಸುತ್ತ ಹೋದರೆ ಸಣ್ಣ ತಪ್ಪೂ ಬೆಟ್ಟದಷ್ಟಾಗುತ್ತದೆ. ಸಸಿಯ ಕಾಂಡವನ್ನು ಎದೆಮಟ್ಟದಲ್ಲಿ ಅಳೆಯುವ ಪದ್ಧತಿಯಿಲ್ಲ. 10 ಸೆಂಟಿಮೀಟರ್ ದಪ್ಪದವರೆಗಿನ ಸಸಿಯನ್ನು ಮಣ್ಣಿನಿಂದ 15 ಸೆಂಟಿಮೀಟರ್ ಎತ್ತರದಲ್ಲಿ, ಅದಕ್ಕೂ ದಪ್ಪಗಿದ್ದರೆ 30 ಸೆಂಟಿಮೀಟರ್ ಎತ್ತರದಲ್ಲಿ ಅಳೆಯುತ್ತಾರೆ.

20 ಸೆಂಟಿಮೀಟರ್ ಸುತ್ತಳತೆಯ ಬೇವಿನ ಸಸಿಗೆ 2,200, 2,500 ಮತ್ತು 2,800 ರೂಪಾಯಿ ದರ ಬಂದಿತೆಂದು ಇಟ್ಟುಕೊಳ್ಳೋಣ. ಸರಾಸರಿ 2,500. ಸಸಿಯ ವಿಸ್ತೀರ್ಣ 31.8 ಚದರ ಸೆಂಟಿಮೀಟರ್. ಅಲ್ಲಿಗೆ ಒಂದು ಚದರ ಸೆಂಟಿಮೀಟರಿಗೆ 78.6 ರೂಪಾಯಿ. ಇದನ್ನು 2,813ರಿಂದ ಗುಣಿಸಿದರೆ 2,21,100 ರೂಪಾಯಿ. ಇದು ಯಾವ ಕುಂದೂ ಇಲ್ಲದ, ಸರಿಯಾದ ಜಾಗದಲ್ಲಿ ನಿಂತ ಅಷ್ಟೇ ದಪ್ಪದ ಬೇವಿನ ಮೂಲ ವೆಚ್ಚ. ಮನೆಯವರು ಈ ಅಂಕಿಯನ್ನು ಕೇಳಿ ಹಿಗ್ಗಿ ಅಲ್ಲಿಯೇ ನಿಲ್ಲಿಸಬೇಕೆನ್ನುತ್ತಾರೆ; ನಿಲ್ಲಿಸುವಂತಿಲ್ಲ.

ಕಡಿತಗಳು

ಸಿಟಿಎಲ್‌ಎ ಮಾರ್ಗಸೂಚಿಯ 9ನೇ ಆವೃತ್ತಿಯಲ್ಲಿ ಜಾತಿ, ಸ್ಥಿತಿ, ಸ್ಥಳ ಎಂಬ ಮೂರು ಗುಣಕಗಳಿದ್ದವು. 10ನೇ ಆವೃತ್ತಿಯು ಸ್ಥಿತಿಯನ್ನು ಉಳಿಸಿಕೊಂಡು, ಉಳಿದೆರಡರ ಜಾಗದಲ್ಲಿ ಕಾರ್ಯಮಿತಿ ಮತ್ತು ಬಾಹ್ಯಮಿತಿ ಎಂಬ ವಿಂಗಡಣೆಯನ್ನು ತಂದಿತು. ನನಗೆ ಎರಡನೆಯದು ಹೆಚ್ಚು ಸರಿಯೆನಿಸುತ್ತದೆ, ಏಕೆಂದರೆ ‘ಬೇವಿಗೆ ಇಷ್ಟು, ಹೊಂಗೆಗೆ ಇಷ್ಟು’ ಎಂದು ಜಾತಿಗೆ ಅಂಕ ಹಾಕುವಾಗ ಬೆಲೆ ಕಟ್ಟುವವನ ಇಷ್ಟಾನಿಷ್ಟಗಳು ಒಳಗೆ ನುಸುಳುತ್ತವೆ.

ಕಾರ್ಯಮಿತಿ ಎಂದರೆ ಮರ ಮತ್ತು ಅದು ನಿಂತ ಜಾಗದ ನಡುವಿನ ಹೊಂದಾಣಿಕೆಯ ಕೊರತೆ: ಬುಡದವರೆಗೆ ಕಲ್ಲು ಹಾಸು, ಒತ್ತಿಕೊಂಡ ಗೋಡೆ, ಮುಂದೆ ಬೆಳೆಯಲು ಜಾಗವಿಲ್ಲದಿರುವುದು. ಬಾಹ್ಯಮಿತಿ ಎಂದರೆ ಮಾಲೀಕನ ಕೈಯಲ್ಲಿಲ್ಲದ ಹೊರಗಿನ ಕಾರಣ: ಮೇಲೆ ಹಾದ ತಂತಿ, ನೀರಿನ ಅಭಾವ, ಹರಡುತ್ತಿರುವ ರೋಗ, ಸರ್ಕಾರದ ನಿರ್ಬಂಧ. ಗುಜರಾತ್ ಸರ್ಕಾರ 2023ರಲ್ಲಿ ಕೊನೊಕಾರ್ಪಸ್ ನೆಡುವುದನ್ನು ನಿಷೇಧಿಸಿತು. ಹೊಸ ಬಡಾವಣೆಗಳ ಕಾಂಪೌಂಡಿನುದ್ದಕ್ಕೂ ಸಾಲಾಗಿ ನಿಲ್ಲಿಸುತ್ತಿರುವ ಆ ಗಿಡ ಎಷ್ಟೇ ಹಸಿರಾಗಿದ್ದರೂ ಅದರ ಬೆಲೆ ಕಟ್ಟುವಾಗ ಇಂತಹ ಸಂಗತಿ ಬಾಹ್ಯಮಿತಿಯಲ್ಲಿ ಸೇರಬೇಕು.

ಒಂದೇ ದೋಷಕ್ಕೆ ಎರಡು ಕಡೆ ಶಿಕ್ಷೆ ಕೊಡಬಾರದು. ತಂತಿಗಾಗಿ ಕೊಂಬೆ ಕತ್ತರಿಸಿ ಆಕಾರ ಕೆಟ್ಟದ್ದಕ್ಕೆ ಸ್ಥಿತಿಯಲ್ಲಿ ಅಂಕ ಇಳಿಸಿದ ಮೇಲೆ, ಬಾಹ್ಯಮಿತಿಯಲ್ಲಿ ಎಣಿಸಬೇಕಾದದ್ದು ಮುಂದೆಯೂ ಪ್ರತಿ ವರ್ಷ ಕತ್ತರಿಸುತ್ತಲೇ ಇರುತ್ತಾರೆ ಎಂಬ ಅಂಶವನ್ನು ಮಾತ್ರ. ಹೀಗೆ ನೋಡಿ ನಮ್ಮ ಬೇವಿಗೆ ಕಾರ್ಯಮಿತಿ 0.80, ಬಾಹ್ಯಮಿತಿ 0.90 ಎಂದು ಹಿಡಿದೆ. 0.70, 0.80, 0.90 ಮೂರನ್ನೂ ಗುಣಿಸಿದರೆ 0.504. ಮೂಲ ವೆಚ್ಚ 2,21,100 ಅಲ್ಲಿಗೆ ಸುಮಾರು 1,11,400ಕ್ಕೆ ಇಳಿಯಿತು.

ಕೂಡಿಸಬೇಕಾದ ಖರ್ಚು

ಈ ಮರ ಹೋಯಿತೆಂದರೆ ಬೊಡ್ಡೆ ತೆಗೆಸಿ ಜಾಗ ಹಸನು ಮಾಡಬೇಕು: 8,000 ರೂಪಾಯಿ. ಹೊಸ ಸಸಿಗೆ ಎರೆಮಣ್ಣಿನಲ್ಲಿ ಮೂರಡಿ ಗುಂಡಿ ತೋಡಿಸಿ ಕೆಮ್ಮಣ್ಣು, ತಿಪ್ಪೆಗೊಬ್ಬರ ತುಂಬಿಸಲು 1,500. ಸಾಗಣೆ ಮತ್ತು ನೆಡುವ ಕೂಲಿ 1,200. ಕಬ್ಬಿಣದ ಬೇಲಿಗೂಡು 1,800. ಹೆಚ್ಚಿನವರು ಮರೆಯುವುದು ನೀರನ್ನು. ಮಿರಗದ ಮಳೆಗೆ ನೆಟ್ಟ ಸಸಿ ಮೊದಲ ಮಳೆಗಾಲವನ್ನು ತಾನೇ ದಾಟುತ್ತದೆ, ಆದರೆ ನವೆಂಬರಿನಿಂದ ಮೇ ಕೊನೆಯವರೆಗೆ ಸುಮಾರು 30 ವಾರ ನೀರು ಹಾಕಲೇಬೇಕು, ಅದೂ ಮೂರು ವರ್ಷ. ವಾರಕ್ಕೊಮ್ಮೆಯಂತೆ 90 ಸಲ, ಒಂದು ಸಲಕ್ಕೆ ಟ್ಯಾಂಕರ್ ನೀರು ಮತ್ತು ಆಳು ಸೇರಿ 60 ರೂಪಾಯಿಯಂತೆ 5,400. ಎಲ್ಲ ಕೂಡಿ 17,900. ಸಸಿಯ ದರವನ್ನು ಇಲ್ಲಿ ಮತ್ತೆ ಸೇರಿಸಬಾರದು, ಅದು ಮೂಲ ವೆಚ್ಚದಲ್ಲಿಯೇ ಬಂದಾಗಿದೆ.

ಒಟ್ಟು 1,29,300 ರೂಪಾಯಿ. ಇದನ್ನು 1,29,000 ಎಂದು ಸಾವಿರಕ್ಕೆ ಸರಿಪಡಿಸಿ ಬರೆಯುವುದು ಮರ್ಯಾದೆ. ಪೈಸೆವರೆಗೆ ಬರೆದ ಮೊತ್ತ ನೋಡುವವರಿಗೆ ಇಲ್ಲದ ನಿಖರತೆಯ ಭ್ರಮೆ ಹುಟ್ಟಿಸುತ್ತದೆ. ಇದರ ಜೊತೆಗೆ ಅಂಕಿ ಎಷ್ಟು ಅಲುಗಾಡಬಹುದು ಎಂಬುದನ್ನೂ ತೋರಿಸಿ. ಸ್ಥಿತಿಯ ಅಂಕ 0.60 ಆದರೆ ಒಟ್ಟು 1,13,000, 0.80 ಆದರೆ 1,45,000. ಟೇಪು ಸಡಿಲಾಗಿ ಸುತ್ತಳತೆ 5 ಸೆಂಟಿಮೀಟರ್ ಹೆಚ್ಚು ಓದಿದರೆ ಕಡಿತಗಳ ನಂತರವೂ 6,000 ರೂಪಾಯಿ ಹೆಚ್ಚು ಬರುತ್ತದೆ.

ಅಳತೆಯ ದಿನ ಆ ಮನೆಯ ಆಯಿ ಹೊರಸಿನ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದರು. ಕೊನೆಗೆ, “ಈ ಗಿಡಕ್ಕ ನನ್ನ ಮೂರೂ ಮಕ್ಕಳ ತೊಟ್ಲಾ ಕಟ್ಟೀನಿ. ಅದಕ್ಕೆಷ್ಟು ಬರಕೊಂಡ್ರಿ?” ಎಂದು ಕೇಳಿದರು. “ಆಯಿ, ಅದಕ್ಕ ಇದರಾಗ ಕಾಲಂ ಇಲ್ಲರಿ” ಎಂದೆ. ಮರದ ನೆನಪಿನ ಬೆಲೆಯನ್ನು, ಪೂಜೆಯ ಬೆಲೆಯನ್ನು ಗುಣಕದೊಳಗೆ ತುರುಕಿದರೆ ಇಡೀ ಲೆಕ್ಕ ಬಿದ್ದುಹೋಗುತ್ತದೆ. ಅದನ್ನು ವರದಿಯ ಟಿಪ್ಪಣಿಯಲ್ಲಿ ಬೇರೆಯಾಗಿ, ಅಂಕಿಯಿಲ್ಲದೆ ಬರೆದೆ.

ನೆರಳು, ಆಮ್ಲಜನಕ ಮತ್ತು 74,500 ರೂಪಾಯಿ

ಮೊಮ್ಮಗನ ಮೂವತ್ತು ಲಕ್ಷಕ್ಕೆ ಬರೋಣ. ಪಶ್ಚಿಮ ಬಂಗಾಳದಲ್ಲಿ ರೈಲ್ವೆ ಮೇಲ್ಸೇತುವೆಗಳಿಗಾಗಿ ಮರ ಕಡಿಯುವ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ನೇಮಿಸಿದ ತಜ್ಞರ ಸಮಿತಿಯು, ಮರದ ವಯಸ್ಸಿನ ಪ್ರತಿ ವರ್ಷಕ್ಕೆ 74,500 ರೂಪಾಯಿಯಂತೆ ಬೆಲೆ ಕಟ್ಟಬಹುದೆಂದು 2021ರಲ್ಲಿ ವರದಿ ಕೊಟ್ಟಿತು. ಅದರಲ್ಲಿ 45,000 ರೂಪಾಯಿ ಆಮ್ಲಜನಕದ್ದೇ ಪಾಲು. 40 ವರ್ಷದ ಬೇವಿಗೆ ಗುಣಿಸಿದರೆ 29,80,000. ಅದು ಸಮಿತಿಯ ಶಿಫಾರಸೇ ಹೊರತು ಎಲ್ಲರಿಗೂ ಅನ್ವಯಿಸುವ ದರಪಟ್ಟಿಯಲ್ಲ. ಅಲ್ಲದೆ ವಾತಾವರಣದಲ್ಲಿ ಶೇಕಡಾ 21ರಷ್ಟು ಆಮ್ಲಜನಕವಿದ್ದು, ಒಂದು ಮರ ಬಿದ್ದರೆ ಯಾರೂ ಸಿಲಿಂಡರ್ ಕೊಳ್ಳುವುದಿಲ್ಲ. ಆಸ್ಪತ್ರೆಯ ಸಿಲಿಂಡರಿನ ದರವನ್ನು ಎಲೆಗೆ ಹಚ್ಚುವ ಲೆಕ್ಕವನ್ನು ನಾನು ಒಪ್ಪಲಾರೆ.

ನೆರಳಿನ ಲೆಕ್ಕ ಹಾಗಲ್ಲ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರಿನಲ್ಲಿ ಪಡುವಣ ಗೋಡೆಗೆ ಬೀಳುವ ಇಳಿಬಿಸಿಲನ್ನು ತಡೆಯುವ ಮರ ಕರೆಂಟ್ ಬಿಲ್ಲಿನಲ್ಲಿ ಕಾಣುತ್ತದೆ. ಒಂದೂವರೆ ಕಿಲೋವ್ಯಾಟಿನ ಎಸಿ ಬೇಸಿಗೆಯ 90 ದಿನ ದಿನಕ್ಕೆರಡು ಗಂಟೆ ಕಡಿಮೆ ಓಡಿತು ಎಂದರೆ 270 ಯೂನಿಟ್ ಉಳಿತಾಯ. ಯೂನಿಟ್ಟಿಗೆ 7 ರೂಪಾಯಿಯಂತೆ ವರ್ಷಕ್ಕೆ 1,890. ಇದು 20 ವರ್ಷ ಸಿಗುವುದಾದರೆ, ಮುಂದೆ ಬರುವ ಹಣವನ್ನು ಶೇಕಡಾ 6ರ ಬಡ್ಡಿಯ ಲೆಕ್ಕದಲ್ಲಿ ಇಂದಿಗೆ ತಗ್ಗಿಸಿದಾಗ ಅದರ ಇಂದಿನ ಬೆಲೆ ಸುಮಾರು 21,700 ರೂಪಾಯಿ. ಆದರೆ ಇದನ್ನು 1,29,000ಕ್ಕೆ ಕೂಡಿಸಬಾರದು. ಮನೆಗೆ ಕಟ್ಟುವ ಖರ್ಚನ್ನೂ ಅದರಿಂದ ಬರುವ ಬಾಡಿಗೆಯನ್ನೂ ಕೂಡಿಸಿ ಯಾರೂ ಮನೆಯ ಬೆಲೆ ಹೇಳುವುದಿಲ್ಲ, ಮರಕ್ಕೂ ಹಾಗೆಯೇ. ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದಲ್ಲಿ 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ಬೀದಿಮರಗಳಿಂದ ಮನೆಯ ಮಾರಾಟ ಬೆಲೆ ಸರಾಸರಿ 8,870 ಡಾಲರ್ ಏರಿದ್ದನ್ನು ತೋರಿಸಿತು. ಆ ಅಂಕಿಯನ್ನು ರೂಪಾಯಿಗೆ ತಿರುಗಿಸಿ ನಮ್ಮ ಜೇವರ್ಗಿ ರಸ್ತೆಗೋ ಆಳಂದ ರಸ್ತೆಗೋ ಅಂಟಿಸಲು ಬಾರದು.

ಫಲ ಕೊಡುವ ಮರವಾದರೆ ಆದಾಯದ ಲೆಕ್ಕವೇ ಮುಖ್ಯ ಆಧಾರವಾಗಬಹುದು. ಹುಣಸೆಯನ್ನು ವರ್ಷದ ಗುತ್ತಿಗೆಗೆ ಕೊಡುವ ರೂಢಿ ಇರುವುದರಿಂದ ಕಾಗದಪತ್ರ ಸಿಗುತ್ತದೆ. ಹುಣಸೆ ಒಂದು ವರ್ಷ ತುಂಬಿ ಮರು ವರ್ಷ ಕೈಕೊಡುವುದರಿಂದ ಕನಿಷ್ಠ ಮೂರು ನಾಲ್ಕು ವರ್ಷಗಳ ಸರಾಸರಿ ಬೇಕು. ಖರ್ಚು ಕಳೆದು ವರ್ಷಕ್ಕೆ 4,000 ಉಳಿಯುತ್ತದೆ, ಇನ್ನೂ 30 ವರ್ಷ ಕಾಯಿ ಬಿಡುತ್ತದೆ ಎಂದಾದರೆ ಅದೇ ರೀತಿ ಇಂದಿನ ಬೆಲೆಗೆ ತಗ್ಗಿಸಲು ಶೇಕಡಾ 8ರ ಬಡ್ಡಿಯಲ್ಲಿ 11.26ರಿಂದ ಗುಣಿಸಬೇಕು: ಸುಮಾರು 45,000 ರೂಪಾಯಿ.

ಮರವೇ ಹೋಗಿ ಬೊಡ್ಡೆ ಮಾತ್ರ ಉಳಿದಿದ್ದರೆ

ಹೆಚ್ಚಿನ ತಕರಾರುಗಳಲ್ಲಿ ನಮ್ಮನ್ನು ಕರೆಯುವುದು ಕಟ್ಟಿಗೆ ಲಾರಿ ಹೋದ ಮೇಲೆ. ಆಗ ಬೊಡ್ಡೆಯ ಸುತ್ತಳತೆಯನ್ನು ಕತ್ತರಿಸಿದ ಎತ್ತರದೊಂದಿಗೆ ಬರೆದುಕೊಳ್ಳಿ, ಫೋಟೊದಲ್ಲಿ ಟೇಪಿನ ಅಂಕಿ ಕಾಣುವಂತಿರಲಿ. ಬುಡ ಯಾವಾಗಲೂ ಎದೆಮಟ್ಟಕ್ಕಿಂತ ದಪ್ಪ. ಆದ್ದರಿಂದ ಅದೇ ಓಣಿಯಲ್ಲಿ ಅದೇ ಜಾತಿಯ, ಹೆಚ್ಚುಕಡಿಮೆ ಅಷ್ಟೇ ಗಾತ್ರದ ಹತ್ತು ಮರಗಳನ್ನು ಹುಡುಕಿ, ಪ್ರತಿಯೊಂದರಲ್ಲೂ ಬೊಡ್ಡೆಯ ಎತ್ತರದ ಸುತ್ತಳತೆ ಮತ್ತು ಎದೆಮಟ್ಟದ ಸುತ್ತಳತೆ ಎರಡನ್ನೂ ತೆಗೆದು ಅವುಗಳ ಅನುಪಾತದ ಸರಾಸರಿಯನ್ನು ಹಚ್ಚಬೇಕು. ಬೇವಿನಂತಹ ಮರಗಳಲ್ಲಿ ಕಾಂಡದೊಳಗಿನ ಬೆಳವಣಿಗೆಯ ಬಳೆಗಳನ್ನು ಎಣಿಸಿ ವಯಸ್ಸು ಹೇಳುವುದು ನಂಬಿಕೆಗೆ ಅರ್ಹವಲ್ಲ. ಸ್ಥಿತಿಯನ್ನು ತಿಳಿಯಲು ಬೊಡ್ಡೆಯ ಮೇಲ್ಮೈಯೇ ಸಾಕ್ಷಿ: ನಡುವೆ ಕಪ್ಪಾಗಿ ಪುಡಿಯಾಗಿದೆಯೋ, ಅಂಚಿನವರೆಗೂ ಗಟ್ಟಿಯಾಗಿದೆಯೋ ನೋಡಿ. ಹಂದರ ಹೇಗಿತ್ತು ಎಂಬುದಕ್ಕೆ ಮದುವೆ, ಗೃಹಪ್ರವೇಶಗಳ ಹಳೆಯ ಫೋಟೊಗಳು ಮತ್ತು ಗೂಗಲ್ ಅರ್ಥ್‌ನಲ್ಲಿ ಸಿಗುವ ಹಿಂದಿನ ವರ್ಷಗಳ ಉಪಗ್ರಹ ಚಿತ್ರಗಳು ನೆರವಾಗುತ್ತವೆ. ಬೇಸಿಗೆಯ ಚಿತ್ರದಲ್ಲಿ ಹಂದರದ ಅಗಲವನ್ನು ಅಳೆಯಲೂ ಬರುತ್ತದೆ.

ಅನುಮತಿಯ ಪ್ರಶ್ನೆಯೂ ಇಲ್ಲಿಯೇ ಬರುತ್ತದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ವಿನಾಯಿತಿ ಪಡೆದ ಕೆಲವು ಜಾತಿಗಳನ್ನು ಬಿಟ್ಟು ಉಳಿದ ಮರಗಳನ್ನು ಕಡಿಯಲು, ಅವು ಸ್ವಂತ ಜಾಗದಲ್ಲಿದ್ದರೂ, ವೃಕ್ಷ ಅಧಿಕಾರಿಯ ಪೂರ್ವಾನುಮತಿ ಬೇಕು. ಅನುಮತಿ ಇತ್ತೋ ಇಲ್ಲವೋ ಎಂಬುದು ಅಪರಾಧದ ವಿಚಾರ. ಅದರಿಂದ ಮರದ ಬೆಲೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ವರದಿಯಲ್ಲಿ ಇವೆರಡನ್ನೂ ಬೆರೆಸಬೇಡಿ.

ವರದಿಯನ್ನು ಒಪ್ಪಿಸುವಾಗ ಮರದ ನಾಲ್ಕೂ ದಿಕ್ಕಿನ ಫೋಟೊ, ಬುಡದ ಫೋಟೊ, ಟೇಪಿನ ಅಂಕಿ ಕಾಣುವ ಫೋಟೊ, ಮೂರು ನರ್ಸರಿಗಳ ದರಪತ್ರ, ಪ್ರತಿ ಗುಣಕಕ್ಕೆ ಎರಡೆರಡು ಸಾಲಿನ ಕಾರಣ, ಸ್ಥಳದ ಸಣ್ಣ ನಕ್ಷೆ ಇವು ಇರಲಿ. ಸ್ಥಳದಲ್ಲಿ ಪೆನ್ಸಿಲಿನಿಂದ ಬರೆದುಕೊಂಡ ಮೂಲ ಹಾಳೆಯನ್ನು ಶುದ್ಧ ಪ್ರತಿ ಮಾಡಿದ ಮೇಲೂ ಎಸೆಯಬೇಡಿ. ವಿಚಾರಣೆಯಲ್ಲಿ ಕೇಳುವುದು ಅದನ್ನೇ. ಚಳಿಗಾಲದಲ್ಲಿ ಬೇವಿಗೆ ಅಂಕ ಹಾಕಿದ್ದರೆ ಯುಗಾದಿ ಕಳೆದು ಹದಿನೈದು ದಿನಕ್ಕೆ ಮತ್ತೊಮ್ಮೆ ಹೋಗಿ ನೋಡಿ, ಆರೋಗ್ಯದ ಅಂಕ ಬದಲಾದರೆ ದಿನಾಂಕ ಹಾಕಿ ಪೂರಕ ವರದಿಯನ್ನು ಕೊಡಿ.